ಸಾರ್ವಜನಿಕ ದಾಖಲೆಗಳ ಮುಕ್ತ ಲಭ್ಯತೆ

ಸರ್ಕಾರ, ಶಾಸನಸಭೆ, ನ್ಯಾಯಾಲಯಗಳು ತಮ್ಮ ಕೆಲಸದ ನಡುವೆ ಹುಟ್ಟಿಸುವ ಕಾಗದಪತ್ರಗಳನ್ನು ಯಾರು ಬೇಕಾದರೂ ದುಡ್ಡು ಕೊಡದೆ, ಕಾರಣ ಹೇಳದೆ ಓದಿ ನಕಲು ಮಾಡಿಕೊಳ್ಳುವಂತಿದ್ದರೆ ಆ ದಾಖಲೆಗಳು ಮುಕ್ತವಾಗಿ ಲಭ್ಯವಿವೆ ಎನ್ನುತ್ತೇವೆ. ಕಾಯ್ದೆ, ರಾಜ್ಯಪತ್ರ, ತೀರ್ಪು, ಆಯೋಗದ ವರದಿ, ಟೆಂಡರು, ಕೂಲಿಯ ಹಾಜರಿ ಪಟ್ಟಿ, ಪಹಣಿ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಇದನ್ನು ಮಾಹಿತಿ ಹಕ್ಕಿನ ಇನ್ನೊಂದು ಹೆಸರೆಂದು ತಿಳಿಯುವವರು ಬಹಳ. ಅರ್ಜಿ ಹಾಕಿದವರಿಗೆ ಕಾಗದ ಸಿಗುವುದು ಒಂದು. ಅರ್ಜಿಯನ್ನೇ ಹಾಕದ, ಆ ವ್ಯವಹಾರಕ್ಕೆ ಏನೇನೂ ಸಂಬಂಧವಿಲ್ಲದ ಮೂರನೆಯವರ ಕಣ್ಣಿಗೂ ಅದು ಬೀಳುವುದು ಬೇರೆಯೇ ಒಂದು. ಈ ಎರಡನೆಯದರ ಬೆಲೆ ಹೆಚ್ಚಿನದು. ಏಕೆಂದರೆ ಸರ್ಕಾರಿ ಕಾಗದ ಒಂಟಿಯಾಗಿದ್ದಾಗ ಬಹುಮಟ್ಟಿಗೆ ಏನನ್ನೂ ಹೇಳುವುದಿಲ್ಲ. ಇನ್ನೊಂದರ ಪಕ್ಕ ಇಟ್ಟು ತಾಳೆ ನೋಡಿದಾಗಲೇ ಬಾಯಿ ಬಿಡುತ್ತದೆ. ಹಾಗೆ ತಾಳೆ ನೋಡುವ ವ್ಯವಧಾನ ಇರುವುದು ಕಕ್ಷಿದಾರರಿಗೋ ಅಧಿಕಾರಿಗೋ ಅಲ್ಲ, ಹೊರಗೆ ನಿಂತ ಈ ಮೂರನೆಯವರಿಗೆ. ಭಾರತದ ಅನುಭವವನ್ನು, ಅಲ್ಲಲ್ಲಿ ಅಮೆರಿಕದ ಅನುಭವವನ್ನು, ಈ ದೃಷ್ಟಿಯಿಂದ ನೋಡಿದರೆ ಹಲವು ಸಂಗತಿಗಳು ಬಿಡಿಸಿಕೊಳ್ಳುತ್ತವೆ.

ಎಲ್ಲಕ್ಕಿಂತ ಹಳೆಯ ಪ್ರಶ್ನೆ ಕಾನೂನಿನದೇ. ಕಾನೂನು ಗೊತ್ತಿರಲಿಲ್ಲ ಎಂದು ಯಾವ ಆರೋಪಿಯೂ ತಪ್ಪಿಸಿಕೊಳ್ಳುವಂತಿಲ್ಲ. ಹಾಗಿದ್ದ ಮೇಲೆ ಕಾನೂನನ್ನು ಗೊತ್ತುಮಾಡಿಸುವ ಹೊಣೆ ಯಾರದು? 1951ರಲ್ಲಿ ಸುಪ್ರೀಂ ಕೋರ್ಟು ಹರ್ಲಾ ಮತ್ತು ರಾಜಸ್ಥಾನ ಸರ್ಕಾರದ ನಡುವಣ ಮೊಕದ್ದಮೆಯಲ್ಲಿ ಇದಕ್ಕೆ ನೇರವಾಗಿ ಉತ್ತರ ಕೊಟ್ಟಿತು. ಜೈಪುರ ಸಂಸ್ಥಾನದ ಮಂತ್ರಿಮಂಡಲ 1923ರಲ್ಲಿ ಅಫೀಮು ಕಾಯ್ದೆಯೊಂದನ್ನು ಬರಿಯ ನಿರ್ಣಯದ ಮೂಲಕ ಅಂಗೀಕರಿಸಿತ್ತು. ಅದು ರಾಜ್ಯಪತ್ರದಲ್ಲಿ ಅಚ್ಚಾಗಲಿಲ್ಲ, ಡಂಗುರವನ್ನೂ ಸಾರಲಿಲ್ಲ. ಆ ಕಾಯ್ದೆಯಡಿ ಒಬ್ಬನಿಗೆ ದಂಡ ಬಿತ್ತು. ದಂಡದ ಮೊತ್ತ ಸಣ್ಣದು, ಎದ್ದ ತತ್ತ್ವ ದೊಡ್ಡದು. ಮಂತ್ರಿಗಳು ಕೋಣೆಯೊಳಗೆ ಕೂತು ಒಪ್ಪಿಕೊಂಡ ಮಾತು ಹೊರಗಿನವರಿಗೆ ತಿಳಿಯುವಂತೆ ಪ್ರಕಟವಾಗುವ ತನಕ ಕಾನೂನೇ ಅಲ್ಲ, ಹಾಗೆ ಶಿಕ್ಷೆ ಕೊಡುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದು ನ್ಯಾಯಮೂರ್ತಿ ವಿವಿಯನ್ ಬೋಸ್ ಬರೆದ ತೀರ್ಪು ಹೇಳಿ ಶಿಕ್ಷೆಯನ್ನು ರದ್ದುಮಾಡಿತು. ಪ್ರಕಟಣೆಯೆಂದರೆ ಸರ್ಕಾರ ಪ್ರಜೆಗೆ ಮಾಡುವ ಉಪಕಾರವಲ್ಲ, ಕಾನೂನು ಹುಟ್ಟುವುದಕ್ಕೇ ಬೇಕಾದ ಷರತ್ತು ಎಂಬುದು ಅಲ್ಲಿಗೆ ಇತ್ಯರ್ಥವಾಯಿತು. ಆದರೆ ಎಷ್ಟು ಪ್ರಕಟವಾದರೆ ಪ್ರಕಟ ಎನ್ನಬೇಕು ಎಂಬುದು ಮಾತ್ರ ಉಳಿಯಿತು. ಜಿಲ್ಲಾ ಕೇಂದ್ರದ ಯಾವುದೋ ಬೀರುವಿನಲ್ಲಿದ್ದ ಗೆಜೆಟ್ಟಿನ ಪ್ರತಿ ಕಾನೂನಿನ ಲೆಕ್ಕಕ್ಕೆ ಪ್ರಕಟವಾದದ್ದೇ; ಓದುಗನ ಲೆಕ್ಕಕ್ಕೆ ಅಲ್ಲ. 2015ರ ಅಕ್ಟೋಬರಿನಿಂದ ಭಾರತ ಸರ್ಕಾರ ತನ್ನ ರಾಜ್ಯಪತ್ರವನ್ನು ಕಾಗದದಲ್ಲಿ ಅಚ್ಚುಹಾಕುವುದನ್ನು ನಿಲ್ಲಿಸಿ ಅಂತರ್ಜಾಲದಲ್ಲಿ ಉಚಿತವಾಗಿ ಹಾಕತೊಡಗಿದ ಮೇಲೆ ಈ ಅಂತರ ಎಷ್ಟೋ ಕಿರಿದಾಗಿದೆ.

ತೀರ್ಪುಗಳ ಕತೆ ಇದಕ್ಕಿಂತ ಸಿಕ್ಕಿನದು. ನಮ್ಮ ನ್ಯಾಯಪದ್ಧತಿಯಲ್ಲಿ ಮೇಲಿನ ನ್ಯಾಯಾಲಯ ಹೇಳಿದ್ದು ಕೆಳಗಿನವುಗಳನ್ನು ಕಟ್ಟಿಹಾಕುತ್ತದೆಯಾದ್ದರಿಂದ ತೀರ್ಪೂ ಕಾನೂನೇ. ಆದರೂ ಅದನ್ನು ಓದಲು ಶತಮಾನಕ್ಕೂ ಮೀರಿ ಜನ ವರದಿ ಸಂಪುಟಗಳನ್ನು ಕೊಳ್ಳಬೇಕಾಗಿತ್ತು. 1875ರ ಕಾಯ್ದೆಯೊಂದು ಹೈಕೋರ್ಟುಗಳ ತೀರ್ಪುಗಳಿಗೆ ಅಧಿಕೃತ ವರದಿಯ ಏರ್ಪಾಟು ಮಾಡಿತು. ಸರ್ಕಾರಿ ಮುದ್ರಣ ವರ್ಷಗಟ್ಟಲೆ ಹಿಂದೆ ಬಿದ್ದದ್ದರಿಂದ ನಾಗಪುರದ ಆಲ್ ಇಂಡಿಯಾ ರಿಪೋರ್ಟರ್, ಲಖನೌದ ಸುಪ್ರೀಂ ಕೋರ್ಟ್ ಕೇಸಸ್‌ನಂಥ ಖಾಸಗಿ ಸಂಪುಟಗಳು ವಕೀಲರ ಕಪಾಟುಗಳನ್ನು ತುಂಬಿದವು. ಇವರು ಮಾಡಿದ್ದು ಸಣ್ಣ ಕೆಲಸವಲ್ಲ. ತೀರ್ಪನ್ನು ಆರಿಸಿ, ತಿದ್ದಿ, ತಲೆಟಿಪ್ಪಣಿ ಬರೆದು ಸಕಾಲಕ್ಕೆ ಊರೂರಿಗೆ ತಲುಪಿಸಿದವರು ಅವರೇ. ಆದರೆ ಆ ಕಪಾಟು ಕೊಳ್ಳುವ ತಾಕತ್ತು ದೊಡ್ಡ ವಕೀಲರಿಗಿತ್ತು, ತಾಲ್ಲೂಕು ಕೋರ್ಟಿನ ಹೊಸ ವಕೀಲರಿಗಿರಲಿಲ್ಲ; ಕಕ್ಷಿದಾರನ ಮಾತಂತೂ ದೂರ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಮು ತೀರ್ಪುಗಳನ್ನೂ ರಾಜ್ಯಪತ್ರದ ವಿಷಯವನ್ನೂ ಯಾರು ಬೇಕಾದರೂ ಮರುಮುದ್ರಿಸಬಹುದೆಂದು ಹೇಳಿತ್ತು. ಹಾಗಿದ್ದೂ ತಿದ್ದಿದ ಪಠ್ಯ ಯಾರದೆಂಬ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಈಸ್ಟರ್ನ್ ಬುಕ್ ಕಂಪನಿ ಮತ್ತು ಡಿ.ಬಿ. ಮೋದಕ್ ನಡುವಣ ಮೊಕದ್ದಮೆಯಲ್ಲಿ, 2007ರ ಡಿಸೆಂಬರಿನಲ್ಲಿ, ನ್ಯಾಯಾಲಯ ಗೆರೆ ಎಳೆಯಿತು: ಪ್ರಕಾಶಕರು ಸ್ವಂತ ಬುದ್ಧಿಯಿಂದ ಬರೆದ ತಲೆಟಿಪ್ಪಣಿಯಂಥವು ಅವರವು, ನ್ಯಾಯಾಧೀಶರು ಬರೆದ ಪಠ್ಯ ಎಲ್ಲರದು.

ಆ ಗೆರೆ ಎಳೆದ ಮರುತಿಂಗಳೇ, 2008ರ ಜನವರಿಯಲ್ಲಿ, ಸುಶಾಂತ್ ಸಿನ್ಹಾ ಎಂಬ ಕಂಪ್ಯೂಟರ್ ತಜ್ಞರು ಇಂಡಿಯನ್ ಕಾನೂನ್ ಎಂಬ ಉಚಿತ ಶೋಧತಾಣವನ್ನು ತೆರೆದರು. ನ್ಯಾಯಾಲಯಗಳ ಜಾಲತಾಣಗಳಲ್ಲಿ ಚದುರಿಹೋಗಿದ್ದ ತೀರ್ಪುಗಳನ್ನು ಒಂದೆಡೆ ಸೇರಿಸಿ, ಒಂದು ತೀರ್ಪು ಉಲ್ಲೇಖಿಸುವ ಇನ್ನೊಂದಕ್ಕೆ, ಕಾಯ್ದೆಯ ಕಲಮಿಗೆ ಕೊಂಡಿ ಹಾಕಿದ್ದು ಅದರ ಹೆಚ್ಚುಗಾರಿಕೆ. ಅಧಿಕೃತವಾಗಿ ಪ್ರಕಟವಾಗಿದ್ದ ಅದೇ ತೀರ್ಪುಗಳು ಹೀಗೆ ಕೊಂಡಿ ಬಿದ್ದ ಮೇಲೆ ಬೇರೆ ವಸ್ತುವೇ ಆದವು. ಜಾಮೀನಿನ ಬಗ್ಗೆ ಒಂದು ಪೀಠ ಹೇಳಿದ್ದನ್ನು ಇನ್ನೊಂದು ಪೀಠ ಮರೆತಿದೆಯೇ ಎಂದು ವಿದ್ಯಾರ್ಥಿಯೊಬ್ಬಳು ಸಂಜೆಯೊಳಗೆ ಹೇಳಬಲ್ಲವಳಾದಳು. ಸುಪ್ರೀಂ ಕೋರ್ಟು ತನ್ನದೇ ಅಧಿಕೃತ ವರದಿಗಳನ್ನು, ಸುಮಾರು 34,000 ತೀರ್ಪುಗಳನ್ನು, ಇ-ಎಸ್‌ಸಿಆರ್ ಹೆಸರಿನಲ್ಲಿ ಉಚಿತವಾಗಿ ತೆರೆದಿಟ್ಟದ್ದು 2023ರ ಜನವರಿಯಲ್ಲಿ. ಹದಿನೈದು ವರ್ಷ ತಡ ಎನ್ನಬಹುದು, ಆದರೆ ಬಂದದ್ದು ಗಟ್ಟಿಯಾದ ಕೆಲಸ.

ಅಮೆರಿಕದಲ್ಲಿ ಈ ವಾದ ಇನ್ನೂ ಹಳೆಯದು. ನ್ಯಾಯಾಲಯದ ಅಭಿಪ್ರಾಯಗಳ ಮೇಲೆ ಯಾರಿಗೂ ಹಕ್ಕುಸ್ವಾಮ್ಯವಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು 1834ರಲ್ಲೇ ಹೇಳಿತ್ತು. 2020ರಲ್ಲಿ ಜಾರ್ಜಿಯಾ ರಾಜ್ಯ ಮತ್ತು ಪಬ್ಲಿಕ್ ರಿಸೋರ್ಸ್ ಎಂಬ ಸಂಸ್ಥೆಯ ನಡುವೆ ಬಂದ ಮೊಕದ್ದಮೆ ಅದನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದಿತು. ಜಾರ್ಜಿಯಾ ತನ್ನ ಕಾಯ್ದೆಗಳ ಬರಿಯ ಪಠ್ಯವನ್ನು ಉಚಿತವಾಗಿ ಕೊಟ್ಟು, ಟಿಪ್ಪಣಿಗಳಿರುವ ಅಧಿಕೃತ ಆವೃತ್ತಿಯನ್ನು ಮಾರಾಟಕ್ಕಿಟ್ಟಿತ್ತು. ಯಾವ ಕಲಮನ್ನು ನ್ಯಾಯಾಲಯ ಅಸಿಂಧುಗೊಳಿಸಿದೆ ಎಂಬುದು ಗೊತ್ತಾಗುತ್ತಿದ್ದದ್ದು ಆ ಟಿಪ್ಪಣಿಗಳಿಂದ. ಬಡವನ ಪ್ರತಿಯಲ್ಲಿ ಸತ್ತ ಕಾನೂನೂ ಜೀವಂತ, ಉಳ್ಳವನ ಪ್ರತಿಯಲ್ಲಿ ಮಾತ್ರ ನಿಜಸ್ಥಿತಿ. ಒಂದೇ ನಾಡಿನಲ್ಲಿ ಕಾನೂನಿನ ಎರಡು ದರ್ಜೆ ಇರಬಾರದೆಂದು ನ್ಯಾಯಾಲಯ ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಮಾನಿಸಿತು. ಅದೇ ಅಮೆರಿಕದಲ್ಲಿ ಫೆಡರಲ್ ನ್ಯಾಯಾಲಯಗಳ ಕಡತ ನೋಡಲು ಪೇಸರ್ ಎಂಬ ವ್ಯವಸ್ಥೆಗೆ ಪುಟಕ್ಕೆ 10 ಸೆಂಟು ಕಟ್ಟಬೇಕೆಂಬುದೂ ನಿಜ. ಒಂದು ದಾಖಲೆ ನೋಡುವವನಿಗೆ ಇದು ಭಾರವಲ್ಲ. ಹತ್ತು ಸಾವಿರ ದಾಖಲೆಗಳನ್ನು ತಾಳೆ ನೋಡಬೇಕಾದವನಿಗೆ ಬಾಗಿಲೇ ಮುಚ್ಚಿದಂತೆ. ಸಣ್ಣ ಶುಲ್ಕ ನಿರುಪದ್ರವಿ ಎನ್ನುವವರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ. ಸಂಗ್ರಹಿಸಿದ ಹಣವನ್ನು ಕಡತ ಒದಗಿಸುವುದಕ್ಕೆ ಸಂಬಂಧಿಸದ ಕೆಲಸಗಳಿಗೂ ಬಳಸಲಾಗಿತ್ತೆಂದು ಮೇಲ್ಮನವಿ ನ್ಯಾಯಾಲಯ 2020ರಲ್ಲಿ ಕಂಡುಕೊಂಡಿತು, ಕೊನೆಗೆ 12.5 ಕೋಟಿ ಡಾಲರಿನ ರಾಜಿಯಾಯಿತು.

ಭಾರತದಲ್ಲಿ ಸರ್ಕಾರಿ ಕಾಗದದ ಹೋರಾಟ ಶುರುವಾದದ್ದು ಓದುಬರಹ ಕಡಿಮೆಯಿದ್ದ ಹಳ್ಳಿಗಳಿಂದ ಎಂಬುದನ್ನು ಮತ್ತೆ ಮತ್ತೆ ನೆನೆಯಬೇಕು. 1923ರ ಅಧಿಕೃತ ರಹಸ್ಯಗಳ ಕಾಯ್ದೆಯ ನೆರಳಿನಲ್ಲಿ ಬೆಳೆದ ಆಡಳಿತಕ್ಕೆ ಗುಟ್ಟೇ ಸಹಜವಾಗಿತ್ತು. 1975ರ ರಾಜ್ ನಾರಾಯಣ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಜನರಿಗೆ ತಿಳಿಯುವ ಹಕ್ಕುಂಟೆಂದು ಹೇಳಿದ್ದರೂ ಅದು ಕಚೇರಿಯ ಮೇಜಿನವರೆಗೆ ಇಳಿದು ಬರಲಿಲ್ಲ. ರಾಜಸ್ಥಾನದಲ್ಲಿ 1990ರಲ್ಲಿ ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಕನಿಷ್ಠ ಕೂಲಿಗಾಗಿ ಹೋರಾಡುತ್ತ ಒಂದು ವಿಚಿತ್ರಕ್ಕೆ ಎದುರಾಯಿತು. ಕೂಲಿ ಏಕೆ ಕಡಿಮೆ ಎಂದು ಕೇಳಿದರೆ ಅಧಿಕಾರಿಗಳು ದಾಖಲೆಯತ್ತ ಬೆರಳು ತೋರುತ್ತಿದ್ದರು. ದಾಖಲೆ ಕೇಳಿದರೆ ಅದು ಸರ್ಕಾರಿ ಗುಟ್ಟು. 1994ರ ಕೊನೆಯಿಂದ ನಡೆದ ಜನಸುನವಾಯಿಗಳಲ್ಲಿ, ಅಂದರೆ ಬಹಿರಂಗ ಅಹವಾಲು ಸಭೆಗಳಲ್ಲಿ, ಹೇಗೋ ಸಿಕ್ಕ ಹಾಜರಿ ಪಟ್ಟಿಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಲಾಯಿತು. ಸತ್ತವರು ಕೂಲಿ ಪಡೆದಿದ್ದರು, ಊರು ಬಿಟ್ಟವರು ಹೆಬ್ಬೆಟ್ಟು ಒತ್ತಿದ್ದರು. ಜೈಪುರದ ಲೆಕ್ಕಪರಿಶೋಧಕನಿಗೆ ಆ ಪಟ್ಟಿಯಲ್ಲಿ ಕೂಡಿಸುವ ತಪ್ಪು ಒಂದೂ ಕಾಣುತ್ತಿರಲಿಲ್ಲ. ಪಕ್ಕದ ಮನೆಯವಳಿಗೆ ಕಂಡಿತು. ತಾಳೆಗೆ ಬೇಕಾದ ಎರಡನೆಯ ದಾಖಲೆ ಆ ಊರಿನವರ ನೆನಪಿನಲ್ಲೇ ಇತ್ತಲ್ಲ! 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ನಡೆದ ಧರಣಿ ಇದನ್ನು ದೇಶದ ಬೇಡಿಕೆಯಾಗಿಸಿತು. ತಮಿಳುನಾಡು, ಗೋವಾ ಮೊದಲಾದ ರಾಜ್ಯಗಳು ತಮ್ಮದೇ ಕಾಯ್ದೆ ಮಾಡಿದವು, ಕರ್ನಾಟಕವೂ 2000ದಲ್ಲಿ ಮಾಡಿತು; 2005ರ ಅಕ್ಟೋಬರಿನಲ್ಲಿ ಕೇಂದ್ರದ ಮಾಹಿತಿ ಹಕ್ಕು ಅಧಿನಿಯಮ ಪೂರ್ತಿಯಾಗಿ ಜಾರಿಗೆ ಬಂತು.

ಈ ಅಧಿನಿಯಮವನ್ನು ಜನ ಬಲ್ಲದ್ದು ಹತ್ತು ರೂಪಾಯಿಯ ಅರ್ಜಿ, ಮೂವತ್ತು ದಿನದ ಗಡುವು ಎಂದು. ಅದರ ನಾಲ್ಕನೆಯ ಕಲಮನ್ನು ಬಲ್ಲವರು ಕಡಿಮೆ. ಜನ ಅರ್ಜಿ ಹಾಕುವ ಪ್ರಮೇಯವೇ ಆದಷ್ಟು ಬಾರದಂತೆ ಕಚೇರಿಗಳು ತಾವಾಗಿ ಮಾಹಿತಿಯನ್ನು ಪ್ರಕಟಿಸುತ್ತ ಹೋಗಬೇಕೆಂದು ಅದು ಹೇಳುತ್ತದೆ. ಶಾಸನದ ಕಣ್ಣಿನಲ್ಲಿ ಅರ್ಜಿ ಎನ್ನುವುದು ಪ್ರಕಟಣೆ ಸೋತಲ್ಲಿ ಹಿಡಿಯುವ ಒಳದಾರಿ. ನಡೆದದ್ದು ತಿರುಗುಮುರುಗು: ಒಳದಾರಿಯೇ ಹೆದ್ದಾರಿಯಾಯಿತು, ಮತ್ತು ಅದರ ಮೇಲೂ ಹಂಪುಗಳು ಎದ್ದವು. ಕರ್ನಾಟಕದ ನಿಯಮಗಳು 2008ರ ತಿದ್ದುಪಡಿಯಿಂದ, ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು ಎನ್ನುತ್ತವೆ. ಅರ್ಜಿಯ ಮೂಲಭೂತ ಕೊರತೆ ಇದಕ್ಕಿಂತ ಆಳದ್ದು. ಕೇಳುವವನಿಗೆ ಏನು ಕೇಳಬೇಕೆಂಬುದು ಮೊದಲೇ ಗೊತ್ತಿರಬೇಕು. ಯಾವ ಕಡತ, ಯಾವ ವರ್ಷ, ಯಾವ ಶಾಖೆ ಎಂದು ಬಲ್ಲವನು ಆಗಲೇ ಅರ್ಧ ಒಳಗಿನವನು. ತೆರೆದಿಟ್ಟ ದಾಖಲೆಯಾದರೋ ಕೇಳಲು ತೋಚದ ಪ್ರಶ್ನೆಗೂ ಉತ್ತರ ಕೊಡುತ್ತದೆ. ಅರ್ಜಿಯಿಲ್ಲದೆ ಯೋಜನೆಗಳ ವಿವರ ಕೊಡುವ ರಾಜಸ್ಥಾನದ ಜನಸೂಚನಾ ತಾಣ, ಕರ್ನಾಟಕದ ‘ಮಾಹಿತಿ ಕಣಜ’ ಈ ನಾಲ್ಕನೆಯ ಕಲಮಿನ ದಿಕ್ಕಿನಲ್ಲಿ ಇಟ್ಟ ಹೆಜ್ಜೆಗಳು.

ದಾಖಲೆಯನ್ನು ಕೊಡುವುದಕ್ಕೂ ತಾಳೆ ನೋಡಬಹುದಾದ ರೂಪದಲ್ಲಿ ಕೊಡುವುದಕ್ಕೂ ಇರುವ ಅಂತರವನ್ನು 2024ರ ಚುನಾವಣಾ ಬಾಂಡುಗಳ ಪ್ರಕರಣದಷ್ಟು ಸ್ಪಷ್ಟವಾಗಿ ಇನ್ನಾವುದೂ ತೋರಿಸಿಲ್ಲ. ಫೆಬ್ರವರಿ 15ರಂದು ಸುಪ್ರೀಂ ಕೋರ್ಟು, ಹೆಸರು ಹೊರಬೀಳದಂತೆ ಪಕ್ಷಗಳಿಗೆ ದೇಣಿಗೆ ಕೊಡಲು ಬಿಡುತ್ತಿದ್ದ ಈ ಬಾಂಡು ಯೋಜನೆಯನ್ನು ರದ್ದುಪಡಿಸಿ, ಕೊಂಡವರ ಮತ್ತು ನಗದು ಮಾಡಿಕೊಂಡ ಪಕ್ಷಗಳ ವಿವರ ಪ್ರಕಟಿಸಬೇಕೆಂದು ಆದೇಶಿಸಿತು. ಎರಡು ಕಡೆಯ ವಿವರಗಳು ಬೇರೆ ಬೇರೆ ಇವೆ, 22,217 ಬಾಂಡುಗಳ ಲೆಕ್ಕ ಹೊಂದಿಸಲು ಜೂನ್ ಕೊನೆಯವರೆಗೆ ಕಾಲಾವಕಾಶ ಬೇಕು ಎಂದಿತು ಬಾಂಡುಗಳನ್ನು ಮಾರಿದ್ದ ಸ್ಟೇಟ್ ಬ್ಯಾಂಕ್. ನ್ಯಾಯಾಲಯ ಒಪ್ಪಲಿಲ್ಲ. ಮಾರ್ಚ್ 14ರಂದು ಚುನಾವಣಾ ಆಯೋಗ ಎರಡು ಪಟ್ಟಿಗಳನ್ನು ಪ್ರಕಟಿಸಿತು: ಒಂದರಲ್ಲಿ ಕೊಂಡವರು, ಇನ್ನೊಂದರಲ್ಲಿ ಪಡೆದವರು. ಎರಡೂ ಸತ್ಯ, ಎರಡೂ ಸಾರ್ವಜನಿಕ. ಆದರೆ ಯಾರ ಹಣ ಯಾರಿಗೆ ಹೋಯಿತೆಂಬುದು ಎರಡರಲ್ಲೂ ಇಲ್ಲ. ಪ್ರತಿ ಬಾಂಡಿಗೂ ಇದ್ದ ಅಕ್ಷರ-ಅಂಕಿಗಳ ಗುರುತನ್ನೂ ಕೊಡಿ ಎಂದು ನ್ಯಾಯಾಲಯ ಮತ್ತೆ ಹೇಳಬೇಕಾಯಿತು. 21ರಂದು ಆ ಗುರುತುಗಳು ಹೊರಬಿದ್ದದ್ದೇ ತಡ, ತಿಂಗಳುಗಳು ಬೇಕೆಂದಿದ್ದ ಕೆಲಸವನ್ನು ಪತ್ರಕರ್ತರೂ ಹವ್ಯಾಸಿಗಳೂ ಬಹುಬೇಗ ಮುಗಿಸಿಬಿಟ್ಟರು. ಬ್ಯಾಂಕಿನ ಉದ್ದೇಶವೇನಿತ್ತೆಂಬ ಊಹೆ ಇಲ್ಲಿ ಬೇಡ. ಜೋಡಿಸುವ ಒಂದು ಕಂಬಸಾಲನ್ನು ಬಿಟ್ಟರೆ ಸಾಕು, ಗುಟ್ಟು ಮಾಡದೆಯೇ ಗುಟ್ಟನ್ನು ಕಾಪಾಡಬಹುದು ಎಂಬುದು ಇದರಿಂದ ಕಾಣುವ ಮಾತು. ಬೆರಳಚ್ಚಿನ ಹಾಳೆಯನ್ನು ಓರೆಯಾಗಿ ಸ್ಕ್ಯಾನ್ ಮಾಡಿ, ಪದ ಹುಡುಕಲಾಗದ ಚಿತ್ರವಾಗಿ ಜಾಲತಾಣಕ್ಕೆ ಹಾಕುವ ಕಚೇರಿಗಳೂ ಅರಿತೋ ಅರಿಯದೆಯೋ ಇದನ್ನೇ ಮಾಡುತ್ತಿವೆ. ಅಭ್ಯರ್ಥಿಗಳ ಆಸ್ತಿ ಮತ್ತು ಅಪರಾಧ ಹಿನ್ನೆಲೆಯ ಪ್ರಮಾಣಪತ್ರಗಳು 2002ರ ತೀರ್ಪಿನ ಫಲವಾಗಿ ಸಾರ್ವಜನಿಕವಾದವಾದರೂ, ಸ್ವಯಂಸೇವಾ ಸಂಸ್ಥೆಗಳು ಕೂತು ಅವುಗಳನ್ನು ಅಂಕಿಗಳಾಗಿ ಟೈಪು ಮಾಡಿದ ಮೇಲೆಯೇ ಹಿಂದಿನ ಚುನಾವಣೆಯ ಆಸ್ತಿಗೂ ಈ ಬಾರಿಯದಕ್ಕೂ ಹೋಲಿಕೆ ಸಾಧ್ಯವಾದದ್ದು.

ಮೂರನೆಯವರ ಬಗ್ಗೆ ಅತಿ ಹೆಚ್ಚು ಹಿಂಜರಿಕೆ ತೋರಿರುವುದು, ಸೋಜಿಗವೆಂದರೆ, ನ್ಯಾಯಾಲಯಗಳೇ. ಕಲಾಪ ಬಹಿರಂಗವಾಗಿ ನಡೆಯಬೇಕೆಂಬ ತತ್ತ್ವವನ್ನು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1966ರಲ್ಲೇ ಎತ್ತಿಹಿಡಿದಿದೆ. 2018ರಲ್ಲಿ ನೇರಪ್ರಸಾರಕ್ಕೂ ಒಪ್ಪಿಗೆ ಬಂತು. 2016ರಲ್ಲಿ ಎಫ್‌ಐಆರ್‌ಗಳನ್ನು, ಲೈಂಗಿಕ ಅಪರಾಧ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು, 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕುವಂತೆ ಆದೇಶವಾಯಿತು. ಆದರೆ 2020ರ ಮಾರ್ಚಿನಲ್ಲಿ ಗುಜರಾತ್ ಹೈಕೋರ್ಟಿನ ನಿಯಮಗಳ ಪ್ರಶ್ನೆ ಬಂದಾಗ, ಮೊಕದ್ದಮೆಗೆ ಸಂಬಂಧಪಡದವರು ಕಡತದ ನಕಲು ಬೇಕೆಂದರೆ ಮಾಹಿತಿ ಹಕ್ಕಿನಡಿ ಕೇಳುವಂತಿಲ್ಲ, ಹೈಕೋರ್ಟಿನ ನಿಯಮದಂತೆ ಕಾರಣ ಹೇಳುವ ಅಫಿಡವಿಟ್ಟು ಹಾಕಬೇಕು ಎಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. ಕಡತದಲ್ಲಿರುವುದು ಕಕ್ಷಿದಾರರ ಸ್ವತ್ತು, ನ್ಯಾಯಾಲಯ ಅದರ ಪಾಲಕ ಮಾತ್ರ ಎಂಬುದು ಅದರ ತರ್ಕ. 2023ರ ಜನವರಿಯಲ್ಲಿ, ದೋಷಾರೋಪಣ ಪಟ್ಟಿಗಳನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕೆಂಬ ಕೋರಿಕೆಯೂ ತಿರಸ್ಕೃತವಾಯಿತು. ಫಲವೇನೆಂದರೆ, ಪೊಲೀಸರು ಮೊದಲ ದಿನ ಮಾಡಿದ ಆಪಾದನೆ ಲೋಕಕ್ಕೆಲ್ಲ ತೆರೆದಿರುತ್ತದೆ. ತಿಂಗಳುಗಳ ತನಿಖೆಯ ಬಳಿಕ ಆ ಆಪಾದನೆಗೆ ಸಾಕ್ಷ್ಯ ಎಷ್ಟು ಸಿಕ್ಕಿತು ಎಂಬುದು ಮುಚ್ಚಿರುತ್ತದೆ. ಆರೋಪಿಯ ಮಾನ ಕಾಯುವುದೇ ಉದ್ದೇಶವಾಗಿದ್ದರೆ ಈ ಏರ್ಪಾಟು ತಲೆಕೆಳಗಾಗಿದೆ. ಕಾರಣ ಹೇಳು ಎಂಬ ಷರತ್ತಿನ ತೊಂದರೆಯೂ ಅರ್ಜಿಯದೇ ತೊಂದರೆ: ತಾಳೆ ನೋಡಹೊರಟವನಿಗೆ ಕಾರಣ ಗೊತ್ತಾಗುವುದು ನೋಡಿದ ಮೇಲೆ.

ಇಂಥ ಹೊರಗಿನ ಕಣ್ಣು ಸಂಸ್ಥೆಗೆ ಯಾವಾಗಲೂ ಹಾನಿಯನ್ನೇ ತರುತ್ತದೆಂಬ ಅಂಜಿಕೆಗೂ ಆಧಾರ ಸಾಲದು. ಇ-ಕೋರ್ಟ್ಸ್ ತಾಣದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳು ಪ್ರಕಟಿಸಿದ 2010ರಿಂದ 2018ರವರೆಗಿನ ಸುಮಾರು ಎಂಟು ಕೋಟಿ ಮೊಕದ್ದಮೆಗಳ ವಿವರವನ್ನು ಅರ್ಥಶಾಸ್ತ್ರಜ್ಞರ ತಂಡವೊಂದು ಒಟ್ಟುಗೂಡಿಸಿತು. ಅದರಲ್ಲಿ 50 ಲಕ್ಷ ಕ್ರಿಮಿನಲ್ ಪ್ರಕರಣಗಳನ್ನು ಆರಿಸಿಕೊಂಡು, ನ್ಯಾಯಾಧೀಶರು ತಮ್ಮದೇ ಲಿಂಗದ ಅಥವಾ ಧರ್ಮದ ಆರೋಪಿಗಳ ಕಡೆ ವಾಲುತ್ತಾರೆಯೇ ಎಂದು ಪರೀಕ್ಷಿಸಿತು. ಒಟ್ಟಾರೆಯಾಗಿ ನೋಡಿದರೆ ಗಣನೀಯ ಪಕ್ಷಪಾತ ಕಾಣಲಿಲ್ಲ. ನ್ಯಾಯಾಲಯಗಳು ತಮ್ಮ ಬಗ್ಗೆ ತಾವೇ ಎಷ್ಟು ಹೊಗಳಿಕೊಂಡಿದ್ದರೂ ಇಂಥ ಪ್ರಮಾಣಪತ್ರ ಸಿಗುತ್ತಿರಲಿಲ್ಲ. ಫ್ರಾನ್ಸ್ 2019ರಲ್ಲಿ ನ್ಯಾಯಾಧೀಶರ ಹೆಸರು ಹಿಡಿದು ಅವರ ತೀರ್ಪಿನ ಒಲವುಗಳನ್ನು ವಿಶ್ಲೇಷಿಸುವುದನ್ನೇ ಶಿಕ್ಷಾರ್ಹ ಅಪರಾಧ ಮಾಡಿತು. ಅಲ್ಲಿನ ನ್ಯಾಯಾಧೀಶರ ಪರವಾಗಿ ಇಂಥ ಸಾಕ್ಷ್ಯ ಒದಗಿಸಹೊರಟವರೂ ಇನ್ನು ಕಾನೂನಿನ ಭಯದಲ್ಲೇ ಕೆಲಸ ಮಾಡಬೇಕು.

ಮುಕ್ತ ಲಭ್ಯತೆಗೆ ಎದ್ದಿರುವ ಆಕ್ಷೇಪಗಳಲ್ಲಿ ತೂಕದ್ದೊಂದು ಕರ್ನಾಟಕದಿಂದಲೇ ಬಂದಿದೆ. 2000ದ ಆಸುಪಾಸಿನಲ್ಲಿ ರಾಜ್ಯ ಸರ್ಕಾರ ‘ಭೂಮಿ’ ಯೋಜನೆಯಡಿ 67 ಲಕ್ಷ ರೈತರ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಅದುವರೆಗೆ ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ, ಅವರ ಮರ್ಜಿ ಕಾದು ಪಡೆಯಬೇಕಿದ್ದ ಪಹಣಿ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಸಿಗತೊಡಗಿತು. ಜಗತ್ತಿನೆಲ್ಲೆಡೆ ಹೊಗಳಿಸಿಕೊಂಡ ಈ ಯೋಜನೆಯನ್ನು ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರ ಅಧ್ಯಯನವೊಂದರಲ್ಲಿ ಬೇರೆ ಬಗೆಯಲ್ಲಿ ಓದಿದರು. ದಾಖಲೆ ಊರಿನಿಂದ ತಾಲ್ಲೂಕು ಕೇಂದ್ರಕ್ಕೆ ಸರಿದಾಗ ಸಣ್ಣ ರೈತನಿಗೆ ಅದು ದೂರವಾಯಿತು, ಬೆಂಗಳೂರಿನ ಸುತ್ತ ಜಮೀನು ಹುಡುಕುತ್ತಿದ್ದ ದೊಡ್ಡ ಕುಳಗಳಿಗೆ ಹತ್ತಿರವಾಯಿತು ಎಂಬುದು ಅವರ ವಾದ. ಇದನ್ನು ತಳ್ಳಿಹಾಕುವಂತಿಲ್ಲ. ಓದಬಲ್ಲವರು, ಹೋಲಿಸಬಲ್ಲವರು, ಕೂಲಿ ಕೊಟ್ಟು ಓದಿಸಬಲ್ಲವರು ತೆರೆದ ದಾಖಲೆಯಿಂದ ಹೆಚ್ಚು ಲಾಭ ಪಡೆಯುತ್ತಾರೆ. ಈಗ ತೀರ್ಪುಗಳ ರಾಶಿಯನ್ನೇ ನುಂಗಿ ಕೃತಕ ಬುದ್ಧಿಮತ್ತೆಯ ಸಲಕರಣೆ ಕಟ್ಟುವ ಕಂಪನಿಗಳೂ ಆ ಸಾಲಿಗೆ ಸೇರಿವೆ. ಆದರೆ ದಾಖಲೆ ಮುಚ್ಚಿದ್ದ ಕಾಲದಲ್ಲಿ ದೊಡ್ಡ ಕುಳಗಳು ಬರಿಗೈಯಲ್ಲಿ ಕೂತಿರಲಿಲ್ಲ. ಮಧ್ಯವರ್ತಿಗೆ ದುಡ್ಡು ಕೊಟ್ಟು ಅದೇ ಪಹಣಿಯನ್ನು ಅವರು ತರಿಸಿಕೊಳ್ಳಬಲ್ಲವರಾಗಿದ್ದರು, ತರಿಸಿಕೊಳ್ಳಲಾಗದವನು ರೈತನೇ. ಬೆಂಜಮಿನ್ ತಂಡ ತೋರಿಸಿದ ದೋಷಕ್ಕೆ ಮದ್ದು ದಾಖಲೆಯನ್ನು ಮತ್ತೆ ಮುಚ್ಚುವುದಲ್ಲ, ಊರಿನ ಮಟ್ಟಕ್ಕೆ ಇನ್ನಷ್ಟು ಇಳಿಸುವುದು. ಜಮೀನು ಕೊಂಡವರು ಯಾರು, ಭೂಬಳಕೆ ಬದಲಾದದ್ದು ಯಾವಾಗ ಎಂಬ ಕಾಗದಗಳನ್ನೂ ಪಹಣಿಯಷ್ಟೇ ಸಲೀಸಾಗಿ ತೆರೆದಿದ್ದರೆ ದೊಡ್ಡವರ ಮೇಲೂ ತಾಳೆ ನಡೆಯುತ್ತಿತ್ತು.

ತೆರೆದಿಟ್ಟರೆ ಅಧಿಕಾರಿಗಳು ಕಡತದಲ್ಲಿ ಮನಸ್ಸಿನ ಮಾತು ಬರೆಯುವುದಿಲ್ಲ ಎಂಬ ಇನ್ನೊಂದು ಆಕ್ಷೇಪವುಂಟು. 2006ರಲ್ಲಿ ಕಡತದ ಟಿಪ್ಪಣಿಗಳನ್ನು ಮಾಹಿತಿ ಹಕ್ಕಿನಿಂದ ಹೊರಗಿಡುವ ತಿದ್ದುಪಡಿಗೆ ಕೇಂದ್ರ ಸಂಪುಟ ಒಪ್ಪಿ, ಜನರ ವಿರೋಧದಿಂದ ಹಿಂದೆ ಸರಿದದ್ದು ಈ ವಾದದ ಮೇಲೆಯೇ. ಇದರಲ್ಲಿ ತುಸು ಸತ್ಯವಿದೆ; ತೀರ್ಮಾನಕ್ಕೆ ಮುನ್ನ ಕಚೇರಿಯೊಳಗೆ ಸ್ವಲ್ಪ ಏಕಾಂತ ಬೇಕು. ಆದರೆ ಸಂದೇಹ ವ್ಯಕ್ತಪಡಿಸಿ ಟಿಪ್ಪಣಿ ಬರೆದ ಪ್ರಾಮಾಣಿಕ ಅಧಿಕಾರಿಯನ್ನು ಮುಂದೊಂದು ದಿನ ಕಾಪಾಡುವುದೂ ಆ ಟಿಪ್ಪಣಿಯೇ. ಮತ್ತು ಮುಚ್ಚಿಟ್ಟ ವರದಿ ಸುಮ್ಮನೆ ಇರುವುದಿಲ್ಲ, ಗಾಳಿಸುದ್ದಿಗೆ ಮೇವಾಗುತ್ತದೆ. ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗ ಎಚ್. ಕಾಂತರಾಜ ಅಧ್ಯಕ್ಷತೆಯಲ್ಲಿ 2015ರಲ್ಲಿ ಮನೆಮನೆ ಸಮೀಕ್ಷೆ ನಡೆಸಿತು. ಅದರ ಆಧಾರದ ವರದಿ ಕೆ. ಜಯಪ್ರಕಾಶ ಹೆಗ್ಡೆ ಅಧ್ಯಕ್ಷತೆಯಲ್ಲಿ ಸರ್ಕಾರದ ಕೈ ಸೇರಿದ್ದು 2024ರ ಫೆಬ್ರವರಿಯಲ್ಲಿ. ಅಧಿಕೃತವಾಗಿ ಪ್ರಕಟವಾಗುವ ಮೊದಲೇ ಜಾತಿವಾರು ಅಂಕಿಗಳು ಸೋರಿ ಹರಿದಾಡಿದವು. ಯಾವ ಸಮುದಾಯದ ನಾಯಕರೂ ತಮಗೆ ಹಿತವಾದ ಸಂಖ್ಯೆಯನ್ನು ನಂಬಿ ಉಳಿದದ್ದನ್ನು ಅಲ್ಲಗಳೆಯಬಹುದಾಗಿತ್ತು, ಏಕೆಂದರೆ ಒರೆಗೆ ಹಚ್ಚಲು ಮೂಲ ದತ್ತಾಂಶ ಯಾರ ಮುಂದೆಯೂ ಇರಲಿಲ್ಲ. 2025ರಲ್ಲಿ ಸರ್ಕಾರ ಹೊಸದಾಗಿಯೇ ಸಮೀಕ್ಷೆ ಮಾಡಿಸಿತು. ಹಳೆಯ ಸಮೀಕ್ಷೆಯ ವಿಧಾನ ಸರಿಯಿತ್ತೋ ಇಲ್ಲವೋ ಎಂಬುದನ್ನು ಸಂಖ್ಯಾಶಾಸ್ತ್ರಜ್ಞರು ಹೇಳಬೇಕಾಗಿದ್ದ ಜಾಗದಲ್ಲಿ ವೇದಿಕೆಯ ಭಾಷಣಗಳು ಹೇಳಿದವು. ಮಾಹಿತಿ ಹಕ್ಕನ್ನು ಬೆದರಿಕೆಗೆ ಬಳಸುವವರಿದ್ದಾರೆಂಬ ದೂರಿಗೂ ಉತ್ತರ ಇದೇ ಬಗೆಯದು. ಕಾಗದ ಒಬ್ಬನ ಕೈಯಲ್ಲಿ ಮಾತ್ರ ಇದ್ದಾಗ ಅದಕ್ಕೆ ಬೆದರಿಕೆಯ ಬೆಲೆ. ಎಲ್ಲರ ಪರದೆಯ ಮೇಲಿರುವುದನ್ನು ತೋರಿಸಿ ಯಾರನ್ನು ಹೆದರಿಸುವುದು?

ಭಾಷೆಯ ಅಡ್ಡಿಯನ್ನು ಈ ಚರ್ಚೆಗಳು ಸಾಮಾನ್ಯವಾಗಿ ಬದಿಗೆ ಸರಿಸುತ್ತವೆ. ಮಸ್ಕಿ, ಬ್ರಹ್ಮಗಿರಿಯ ಬಂಡೆಗಳ ಮೇಲೆ ಅಶೋಕನ ಶಾಸನಗಳು ಎಲ್ಲರಿಗೂ ಕಾಣುವಂತೆಯೇ ಇದ್ದವು, ಆದರೆ ಪ್ರಾಕೃತದಲ್ಲಿ. ಸಂವಿಧಾನದ 348ನೆಯ ವಿಧಿಯಂತೆ ಮೇಲಿನ ನ್ಯಾಯಾಲಯಗಳ ಅಧಿಕೃತ ಭಾಷೆ ಇಂಗ್ಲಿಷ್. 2019ರ ಜುಲೈಯಿಂದ ಸುಪ್ರೀಂ ಕೋರ್ಟು ಆಯ್ದ ತೀರ್ಪುಗಳ ಅನುವಾದವನ್ನು ಕೊಡತೊಡಗಿದಾಗ ಮೊದಲ ಕಂತಿನ ಭಾಷೆಗಳಲ್ಲಿ ಕನ್ನಡವೂ ಇತ್ತು. ಅದೇ ವರ್ಷದ ಕೊನೆಗೆ ಸುವಾಸ್ ಎಂಬ ಯಂತ್ರಾನುವಾದ ತಂತ್ರಾಂಶವೂ ಬಂತು. ಈ ಅನುವಾದಗಳು ತಿಳಿವಳಿಕೆಗೆ ಮಾತ್ರ, ಪ್ರಮಾಣ ಇಂಗ್ಲಿಷ್ ಪಠ್ಯವೇ ಎಂಬ ಸೂಚನೆ ಜೊತೆಗಿರುತ್ತದೆ. ಅದು ಇರಬೇಕಾದದ್ದೇ. ಆದರೆ ಗುತ್ತಿಗೆ, ಗೇಣಿ, ಜೀವನಾಂಶದ ವಿಷಯದಲ್ಲಿ ತನ್ನ ಹಕ್ಕು ಎಷ್ಟು ಎಂದು ಮೇಲುನೋಟಕ್ಕೆ ತಿಳಿಯಬಯಸುವವರಿಗೆ ಒಂದು ತಕ್ಕಮಟ್ಟಿನ ಕನ್ನಡ ಪಠ್ಯ ತಂದುಕೊಡುವ ಲಾಭ, ಅದರಲ್ಲಿರಬಹುದಾದ ದೋಷದ ಅಪಾಯಕ್ಕಿಂತ ದೊಡ್ಡದು. ಪಕ್ಕದಲ್ಲೇ ಮೂಲವೂ ಉಚಿತವಾಗಿ ಸಿಗುವಾಗ ತಪ್ಪು ಅನುವಾದವನ್ನು ಯಾರಾದರೂ ಹಿಡಿದು ತೋರಿಸಬಹುದು.

ಉಳಿದದ್ದು ಖಾಸಗಿತನ, ಮತ್ತು ಅದೇ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರಲ್ಲಿ ಅದು ಮೂಲಭೂತ ಹಕ್ಕೆಂದು ತೀರ್ಮಾನವಾಗಿದೆ. ಹಿಂದೆ ಹಳೆಯ ಮೊಕದ್ದಮೆಯೊಂದರಲ್ಲಿ ಯಾರದೋ ಹೆಸರು ಇದ್ದದ್ದು ನಿಜವಾದರೂ, ಅದನ್ನು ಹುಡುಕಲು ದಾಖಲೆ ಕೊಠಡಿಯ ದೂಳು ಹೊಡೆಯಬೇಕಿತ್ತು. ಈಗ ಮದುವೆ ಸಂಬಂಧ ನೋಡುವವರು ಒಂದು ಹೆಸರು ಟೈಪು ಮಾಡಿದರೆ ಸಾಕು. ಅದೇ 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ಒಬ್ಬ ತಂದೆಯ ಕೋರಿಕೆ ಮನ್ನಿಸಿ, ಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಬರದಂತೆ ನೋಡಿಕೊಳ್ಳಲು ತನ್ನ ಕಚೇರಿಗೆ ಸೂಚಿಸಿತು. ದೃಢೀಕೃತ ನಕಲಿನಲ್ಲಿ ಹೆಸರು ಹಾಗೆಯೇ ಉಳಿಯುತ್ತದೆ ಎಂದೂ ಹೇಳಿತು. ಈ ಪರಿಹಾರ ವಿವೇಕದ್ದು. ತೀರ್ಪಿನ ತರ್ಕಕ್ಕೆ ಕಕ್ಷಿದಾರಳ ಹೆಸರು ಬೇಕಿಲ್ಲ. ಹೆಸರು ಮರೆಮಾಡಿದರೂ ತಾಳೆಗೆ ಏನೂ ಕೊರತೆಯಾಗದು. ಎಲ್ಲಿ ಹೆಸರೇ ಸಾಕ್ಷ್ಯವೋ ಅಲ್ಲಿ ಲೆಕ್ಕ ಬದಲಾಗುತ್ತದೆ. ಸರ್ಕಾರದ ದುಡ್ಡು ಪಡೆದವರ ಪಟ್ಟಿಯಿಂದ ಹೆಸರು ತೆಗೆದರೆ ಸತ್ತವನ ಹೆಸರಿನಲ್ಲಿ ಕೂಲಿ ಎತ್ತಿದ್ದು ಪತ್ತೆಯಾಗುವ ದಾರಿ ಯಾವುದು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಲ್ಲಿ ಚಿಂತೆ ಹುಟ್ಟಿಸುತ್ತದೆ. ಮಾಹಿತಿ ಹಕ್ಕಿನ 8ನೆಯ ಕಲಮು ಅದಕ್ಕೆ ಮೊದಲು, ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸದ ಅಥವಾ ಅನುಚಿತವಾಗಿ ಖಾಸಗಿತನಕ್ಕೆ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ತಡೆಯುತ್ತಿತ್ತು. ಹೊಸ ಕಾಯ್ದೆಯ ತಿದ್ದುಪಡಿ ಆ ಷರತ್ತುಗಳನ್ನು ಕಿತ್ತು, ವೈಯಕ್ತಿಕ ಮಾಹಿತಿ ಎಂಬ ಒಂದೇ ಕಾರಣ ಸಾಕೆಂದು ಮಾಡಿದೆ. ಸಾರ್ವಜನಿಕ ಹಿತ ಹೆಚ್ಚೆನಿಸಿದರೆ ಕೊಡಬಹುದೆಂಬ ಉಪಕಲಮು ಹಾಗೆಯೇ ಉಳಿದಿದೆ ಎಂದು ಸರ್ಕಾರ ಹೇಳುತ್ತದೆ, ಅದು ಸರಿಯೂ ಹೌದು. ಆದರೆ ಹಿತ ಹೆಚ್ಚೋ ಕಡಿಮೆಯೋ ಎಂದು ತೂಗುವವನು ಆ ಪಟ್ಟಿಯನ್ನು ಇಟ್ಟುಕೊಂಡಿರುವ ಕಚೇರಿಯ ಮಾಹಿತಿ ಅಧಿಕಾರಿ. ಅರ್ಜಿದಾರ ತಾನಿನ್ನೂ ನೋಡದ ಪಟ್ಟಿಯಲ್ಲಿ ಏನಿದೆಯೆಂದು ಅವನಿಗೆ ಮನವರಿಕೆ ಮಾಡಬೇಕು.